ನರ್ಮದೆಗೆ ಹೋಗದ ಯಂತ್ರ

ಮಂಜಲ್‌ಪುರ, ವಡೋದರಾ
೨೯ ಜನವರಿ ೧೯೯೭, ಬುಧವಾರ

ನನ್ನ ಹಟಮಾರಿ ಮೇದಿನಿಗೆ,

ಆಶೀರ್ವಾದ ಆಮೇಲೆ ಮಾಡುತ್ತೇನೆ, ಮೊದಲು ಬೈಗುಳ ತಿನ್ನು. ಸೋಮವಾರ ಮಧ್ಯಾಹ್ನ ನಿನ್ನ ಕಾಗದ ಬಂತು. ಟಪಾಲಿನವನು ಗೇಟಿನ ಹತ್ತಿರ ಕೂಗಿದಾಗ ನಾನು ಪಾಪಡಿ ಬಿಡಿಸುತ್ತ ಕೂತಿದ್ದೆ. ಇಲ್ಲಿಯವರು ಏನೇ ಹೆಸರಿಟ್ಟುಕೊಳ್ಳಲಿ, ನನ್ನ ಪಾಲಿಗೆ ಅದು ಅವರೆಕಾಯಿಯೇ. ಕೈ ತೊಳೆಯದೆ ಒಡೆದು ಓದಿದೆ, ಓದಿದ ಮೇಲೆ ತೊಳೆಯುವುದೂ ಮರೆತುಹೋಯಿತು.

ಎಂ.ಇ. ಬಿಟ್ಟು ಬರುತ್ತೇನೆ ಎಂದು ಬರೆದಿದ್ದೀಯ. ಇನ್ನೊಂದು ಸೆಮಿಸ್ಟರ್ ಉಳಿದಿದ್ದರೂ ಬೇಡ, ಬಯೋಮೆಡಿಕಲ್ ಎಂಜಿನಿಯರಿಂಗ್ ಸಹವಾಸವೇ ಸಾಕು, ಪೇಸ್‌ಮೇಕರ್‌ಗಳನ್ನು ಜೋಡಿಸಿಟ್ಟ ಆ ಮೇಜಿನ ಮುಂದೆ ಕೂತರೆ ಒಂದೊಂದರಲ್ಲೂ ಅಪ್ಪನೇ ಕಾಣುತ್ತಾರೆ, ಅವರು ಹೋದಾಗಿನಿಂದ ಲ್ಯಾಬಿನ ಬಾಗಿಲು ಕೂಡ ತಳ್ಳಿಲ್ಲ ಎಂದಿದ್ದೀಯ. ಮುಂದಿನ ವಾರ ಅಹಮದಾಬಾದಿನ ಹಾಸ್ಟೆಲ್ ಖಾಲಿ ಮಾಡಿಕೊಂಡು ಮನೆಗೆ ಬಂದು, ಮಕರಪುರಾದ ಯಾವುದಾದರೂ ಕಾರ್ಖಾನೆಯಲ್ಲಿ ಕೆಲಸ ನೋಡಿಕೊಳ್ಳುತ್ತೀಯಂತೆ. ನಿಮ್ಮಣ್ಣ ಅಜಯ್ ಅಂತೂ ಸೂರತ್ತಿನಿಂದ ಪಕ್ಕದ ಮನೆಗೆ ಫೋನ್ ಮಾಡಿ ಖುಷಿಪಟ್ಟ. ಬಹುತ್ ಅಚ್ಛಾ ಆಯ್ತು ಅಮ್ಮಾ, ಆ ಡಿಗ್ರಿ ಏನಂತ ಯಾರಿಗೂ ಸಮಝ್ ಆಗಲ್ಲ, ಎಂದ.

ಅವನು ಹೇಳಿದ್ದರಲ್ಲಿ ಅಷ್ಟು ಮಾತ್ರ ನಿಜ. ಇಲ್ಲಿಯ ಕನ್ನಡದವರಲ್ಲಿ ಅರ್ಧ ಜನ ನಿನ್ನನ್ನು ಡಾಕ್ಟರು ಎಂದುಕೊಂಡಿದ್ದಾರೆ, ಇನ್ನರ್ಧ ರಿಪೇರಿಯವಳು ಎಂದುಕೊಂಡಿದ್ದಾರೆ. ಹೋದ ಯುಗಾದಿಯಲ್ಲಿ ಒಬ್ಬರು ಮಂಡಿ ತೋರಿಸಿದರು, ಇನ್ನೊಬ್ಬರು ಮಿಕ್ಸಿ ತಂದರು. ನೀನು ಇಬ್ಬರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ ಎನ್ನುವುದು ಬೇರೆ ಮಾತು. ನನಗೂ ಮೊದಮೊದಲು ತಿಳಿದಿರಲಿಲ್ಲ. ನಿಮ್ಮಪ್ಪ ರೈಲ್ವೆ ಕಚೇರಿಯ ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದು, ಎದೆಬಡಿತ ತೀರ ನಿಧಾನವಾಗಿದೆ ಎಂದು ಡಾಕ್ಟರು ಭುಜದ ಕೆಳಗೆ ಆ ಪುಟ್ಟ ಪೇಸ್‌ಮೇಕರ್ ಯಂತ್ರವನ್ನು ಹೂತರಲ್ಲ, ಆವತ್ತು ನೀನು ಕೇಳಿದ ಪ್ರಶ್ನೆಗಳಿಗೆ ಆ ಡಾಕ್ಟರು ಬೆವತುಹೋದರು. ಬ್ಯಾಟರಿ ಎಷ್ಟು ವರ್ಷ, ಮುಗಿಯುವುದು ಹೇಗೆ ಗೊತ್ತಾಗುತ್ತದೆ, ಮುಗಿಯದೆ ಉಳಿದರೆ ಏನು ಮಾಡುತ್ತಾರೆ. ಸುಮ್ಮನಿರೇ, ಅಪ್ಪ ಇನ್ನೂ ಕಣ್ಣು ಬಿಟ್ಟಿಲ್ಲ ಎಂದು ನಾನು ನಿನ್ನ ತೋಳು ಚಿವುಟಿದೆ. ಈಗ ಯೋಚಿಸಿದರೆ ನಿನ್ನ ಎಂ.ಇ. ಶುರುವಾದದ್ದು ಆವತ್ತೇ.

ಕೊನೆಯ ಪ್ರಶ್ನೆಯೇ ನಿನ್ನ ಥೀಸಿಸ್ ಆಯಿತು. ಯಂತ್ರ ಹೊತ್ತವರು ತೀರಿಕೊಂಡಾಗ ಅದು ಚಿತೆಯಲ್ಲಿ ಸಿಡಿಯುತ್ತದೆಂದು ಮೊದಲೇ ತೆಗೆದುಬಿಡುತ್ತಾರೆ, ಕೆಲವರು ಅದನ್ನು ನಿಮ್ಮ ಅಹಮದಾಬಾದಿನ ಧರ್ಮಾಸ್ಪತ್ರೆಗೆ ಕೊಡುತ್ತಾರೆ, ಅಲ್ಲಿ ಶುದ್ಧಮಾಡಿ ಹೊಸದನ್ನು ಕೊಳ್ಳಲಾಗದವರಿಗೆ ಹಾಕುತ್ತಾರೆ, ಆದರೆ ಒಳಗೆ ಎಷ್ಟು ಆಯುಸ್ಸು ಉಳಿದಿದೆ ಎಂದು ಸರಿಯಾಗಿ ಹೇಳುವವರಿಲ್ಲ. ಅದನ್ನು ಹೇಳುವ ಪೆಟ್ಟಿಗೆ ಮಾಡುತ್ತೇನೆ ಎಂದು ನೀನು ಊಟದ ತಟ್ಟೆಯ ಮೇಲೆಯೇ ಚಿತ್ರ ಬರೆದು ತೋರಿಸಿದೆ. ನಿಮ್ಮಪ್ಪ ಮೊಸರನ್ನದ ಕೈಯಲ್ಲೇ ಆ ಚಿತ್ರ ತಿದ್ದಿದರು. ಅವರ ಮುಖ ನನಗೆ ಚೆನ್ನಾಗಿ ನೆನಪಿದೆ. ಈ ಹುಡುಗಿ ನನ್ನನ್ನು ಓದಿ ಪಾಸಾಗ್ತಾಳೆ ಕಣೆ ಅಂದಿದ್ದರು.

ಆಮೇಲೆ ಆ ಟ್ರಾನ್ಸಿಸ್ಟರ್ ಆಟ. ಸ್ಟೇಷನ್ ಇಲ್ಲದ ಕಡೆ ಮುಳ್ಳು ತಿರುಗಿಸಿ ರೇಡಿಯೋವನ್ನು ಅವರ ಎದೆಗೆ ಹಿಡಿದರೆ ಒಳಗಿನ ಯಂತ್ರದ ಬಡಿತ ಟಿಕ್ ಟಿಕ್ ಎಂದು ಕೇಳುತ್ತದೆ ಎಂದು ತೋರಿಸಿಕೊಟ್ಟವಳು ನೀನೇ. ಅಂದಿನಿಂದ ಮನೆಗೆ ಬಂದವರೆಲ್ಲ ಅದನ್ನು ಕೇಳಲೇಬೇಕು. ಬನ್ರೀ, ಇದು ನನ್ನ ಸ್ವಂತ ಸ್ಟೇಷನ್ನು, ಜಾಹೀರಾತೇ ಇಲ್ಲ ಎಂದು ಕರೆಯುವುದು. ಬಂದವರು ಹೆಂಗಸರೋ ಗಂಡಸರೋ ಎಂದೂ ನೋಡದೆ ಅಂಗಿಯ ಗುಂಡಿ ಬಿಚ್ಚುವುದು. ನಾನು ನಾಚಿಕೆಯಿಂದ ಅಡುಗೆಮನೆ ಸೇರುತ್ತಿದ್ದೆ. ಅವರ ಜೊತೆ ಬಾಳಿದ ಅಷ್ಟು ವರ್ಷಗಳಲ್ಲಿ ನಾನೊಮ್ಮೆಯೂ ಕಿವಿಗೊಟ್ಟು ಕೇಳಲಿಲ್ಲ ನೋಡು.

ಡಿಸೆಂಬರಿನಲ್ಲಿ ಆದದ್ದು ನಿನಗೆ ಗೊತ್ತೇ ಇದೆ. ತಲೆಯೊಳಗೆ ರಕ್ತನಾಳ ಒಡೆಯಿತು, ಎದೆ ಕೊನೆಯವರೆಗೂ ಸರಿಯಾಗಿಯೇ ಇತ್ತು. ಆಸ್ಪತ್ರೆಯವರು ಯಂತ್ರ ತೆಗೆದು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಅಜಯ್ ಕೈಗೆ ಕೊಟ್ಟರು. ನಂತರ ನಮ್ಮ ಅಂಗಳದಲ್ಲಿ ನಡೆದ ಚರ್ಚೆಯನ್ನು ನೀನೂ ಕೇಳಿದೆ. ಕರ್ಮ ಮಾಡಿಸಲು ಬಂದ ಪುರೋಹಿತರು ಸುಬ್ರಹ್ಮಣ್ಯ ಭಟ್ಟರು ಆ ಚೀಲವನ್ನು ಮುಟ್ಟದೆ ಸುತ್ತ ತಿರುಗಿ ನೋಡಿ, ಶಾಸ್ತ್ರ ಬರೆದವರ ಕಾಲಕ್ಕೆ ಇದು ಇರ್ಲಿಲ್ಲ ಮಾರಾಯ್ರೆ, ನಾನೆಂತ ಹೇಳುದು ಎಂದರು. ನಿಮ್ಮಪ್ಪನ ಜೊತೆ ಕೆಲಸ ಮಾಡಿದ ಅಚ್ಯುತರಾಯರು, ಇದು ಬಂಗಾರದ ಹಲ್ಲಿನ ಹಾಗೆ, ಒಡವೆಯ ಲೆಕ್ಕ, ಮನೆಯವರಿಗೆ ಸೇರಬೇಕು ಎಂದು ವಾದಿಸಿದರು. ಅಜಯ್ ಒಪ್ಪಲಿಲ್ಲ. ಪಪ್ಪಾನ ಬಾಡಿ ಒಳಗೇ ಇತ್ತಲ್ಲ, ಇದನ್ನ ಘರ್‌ನಲ್ಲಿ ಹೇಗೆ ಇಡೋದು ಎಂದು ಅಳಲು ಶುರುಮಾಡಿದ. ಅವನ ಅಳು ನೋಡಿ ಭಟ್ಟರು, ಮನುಷ್ಯ ಮಾಡಿದ್ದಾದ್ರೂ ದೇಹ ಅದನ್ನು ತನ್ನದು ಅಂತ ಬಳಸಿದ್ರೆ ಅದೂ ದೇಹವೇ, ಅಸ್ಥಿಯ ಜೊತೆ ಚಾಂದೋದಿಗೆ ಹೋಗ್ಲಿ, ನರ್ಮದೆ ಬೇಡ ಅನ್ನುದಿಲ್ಲ ಎಂದು ತೀರ್ಪು ಕೊಟ್ಟರು.

ನಾನು ನೋಡುತ್ತಿದ್ದುದು ಭಟ್ಟರನ್ನಲ್ಲ, ನಿನ್ನನ್ನು. ಯಾವ ಮಾತಿಗೂ ನಾಲ್ಕು ಮಾತು ತಿರುಗಿಸುವ ಬಾಯಿಬಡುಕಿ ನೀನು ಆವತ್ತು ಕಂಬಕ್ಕೆ ಒರಗಿ ಆ ಚೀಲವನ್ನೇ ನೋಡುತ್ತ ನಿಂತಿದ್ದೆ. ಅಪ್ಪನ ಹೆಣ ಹೋದ ಬೆನ್ನಿಗೇ ಯಂತ್ರ ಕೇಳಿದಳು ಎಂದಾರು ಎಂದು ಹೆದರಿದೆ ಅಲ್ಲವೇ? ಸುಮ್ಮನೆ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದೆ. ತೊಳೆದ ಪಾತ್ರೆಗಳನ್ನೇ ತೊಳೆಯುತ್ತಿದ್ದೆ.

ಈಗ ಗಟ್ಟಿಯಾಗಿ ಕೂತು ಓದು. ಯಂತ್ರ ನರ್ಮದೆಗೆ ಹೋಗಲಿಲ್ಲ. ನನ್ನ ಹತ್ತಿರವೇ ಇದೆ. ಚಾಂದೋದಿಗೆ ಹೊರಡುವ ಬೆಳಿಗ್ಗೆ ಅಜಯ್ ಸ್ನಾನಕ್ಕೆ ಹೋಗಿದ್ದಾಗ ನಾನು ಅಸ್ಥಿಯ ಆ ಕೆಂಪು ಬಟ್ಟೆಯ ಗಂಟು ಬಿಚ್ಚಿ ಯಂತ್ರ ತೆಗೆದುಕೊಂಡು, ಅದರ ಜಾಗದಲ್ಲಿ ನಿಮ್ಮಪ್ಪನ ಕಟ್ಟಿಸಿದ ಹಲ್ಲಿನ ಸೆಟ್ ಇಟ್ಟು ಮತ್ತೆ ಕಟ್ಟಿದೆ. ಗಂಟನ್ನೂ ಅವನು ಹಾಕಿದ ಹಾಗೆಯೇ ಹಾಕಿದೆ. ನಗಬೇಡ. ಭಟ್ಟರ ತೀರ್ಪಿನ ಪ್ರಕಾರ ಅದೂ ದೇಹವೇ ತಾನೆ? ಮನುಷ್ಯ ಮಾಡಿದ್ದು, ದೇಹ ಬಳಸಿದ್ದು. ಆ ಹಲ್ಲನ್ನು ಯಾರೂ ಕೇಳಿರಲೇ ಇಲ್ಲ, ಪಾಪ, ಬಟ್ಟಲಿನಲ್ಲಿ ಅನಾಥವಾಗಿ ಬಿದ್ದಿತ್ತು. ನಿಮ್ಮಣ್ಣ ನಡುನೀರಿನಲ್ಲಿ ನಿಂತು ಅದನ್ನೇ ಮಂತ್ರಸಮೇತ ಬಿಟ್ಟುಬಂದ. ಹಾಗಾಗಿ ನಾನು ಶಾಸ್ತ್ರವನ್ನೂ ಮುರಿದಿಲ್ಲ, ನರ್ಮದೆಗೂ ಮೋಸ ಮಾಡಿಲ್ಲ. ಮೋಸವಾದದ್ದು ಅಜಯ್‌ಗೆ ಮಾತ್ರ. ಅದಕ್ಕೆ ಆಮೇಲೆ ಬರುತ್ತೇನೆ.

ನಿನಗೆ ಕೊಡಬೇಕೆಂದೇ ಎತ್ತಿಟ್ಟುಕೊಂಡದ್ದು, ದೇವರಾಣೆ. ಆದರೆ ಎಲ್ಲರೂ ಹೊರಟುಹೋಗಿ ಮನೆ ಖಾಲಿಯಾದ ಮೇಲೆ ಕೊಡಲು ಮನಸ್ಸಾಗಲಿಲ್ಲ. ಉಪ್ಪುನೀರಿನಲ್ಲಿ ಇಟ್ಟರೆ ಅದಕ್ಕೆ ಮೈಯೊಳಗೇ ಇದ್ದೇನೆ ಅನ್ನಿಸುತ್ತದೆ, ಲ್ಯಾಬಿನಲ್ಲಿ ಹಾಗೇ ಪರೀಕ್ಷೆ ಮಾಡುತ್ತೇವೆ ಎಂದು ನೀನು ಅಪ್ಪನಿಗೆ ಹೇಳಿದ್ದು ನನಗೆ ಹೇಗೋ ನೆನಪಿತ್ತು. ಒಂದು ಮಧ್ಯಾಹ್ನ ಗಾಜಿನ ಬಟ್ಟಲಲ್ಲಿ ಕುದಿಸಿ ಆರಿಸಿದ ನೀರಿಗೆ ಉಪ್ಪು ಹಾಕಿದೆ. ಎಷ್ಟು ಹಾಕಬೇಕೋ ಗೊತ್ತಿಲ್ಲ, ಸಾರಿಗೆ ಹಾಕುವ ಅಂದಾಜಿನಲ್ಲಿ ಹಾಕಿದೆ. ಯಂತ್ರವನ್ನೂ ಅದಕ್ಕಂಟಿದ ತುಂಡು ತಂತಿಯನ್ನೂ ಮುಳುಗಿಸಿ, ಟ್ರಾನ್ಸಿಸ್ಟರ್ ಹತ್ತಿರ ಹಿಡಿದು ಮುಳ್ಳು ತಿರುಗಿಸಿದೆ. ಮೊದಲು ಬರೀ ಗೊರಗೊರ. ಬಟ್ಟಲನ್ನು ಸ್ವಲ್ಪ ತಿರುಗಿಸಿದ ಮೇಲೆ ಕೇಳಿಸಿತು ಮೇದಿನಿ. ಟಿಕ್ ಟಿಕ್ ಎಂದು ಏನೂ ಆಗಿಯೇ ಇಲ್ಲವೇನೋ ಅನ್ನುವ ಹಾಗೆ ಬಡಿಯುತ್ತಿತ್ತು. ನಾನು ಮೇಜಿಗೆ ಹಣೆಯಿಟ್ಟು ಅತ್ತೆ. ಅವರು ಹೋದ ದಿನ ಬಾರದ ಅಳು ಆವತ್ತು ಬಂತು.

ಅಲ್ಲಿಂದ ದಿನವೂ ಮಧ್ಯಾಹ್ನ ಅದೇ ಕೆಲಸವಾಯಿತು. ಬೀದಿಯವರೆಲ್ಲ ಮಲಗುವ ಹೊತ್ತಿಗೆ ಬಟ್ಟಲು ಇಟ್ಟುಕೊಂಡು ಕೂರುವುದು. ಉತ್ತರಾಯಣದ ದಿನ ಊರೆಲ್ಲ ಮಾಳಿಗೆಯ ಮೇಲೆ ನಿಂತು ಗಾಳಿಪಟ ಹಾರಿಸಿ ಕಾಯ್ಪೋ ಛೇ ಎಂದು ಕೂಗುತ್ತಿದ್ದರೆ ನಾನು ಕಿಟಕಿ ಹಾಕಿಕೊಂಡು ನಿಮ್ಮಪ್ಪನ ಸ್ಟೇಷನ್ ಕೇಳುತ್ತಿದ್ದೆ. ಪಕ್ಕದ ಮನೆಯ ಇಂದುಮತಿಬೆನ್ ಎಳ್ಳಿನ ಚಿಕ್ಕಿ ಕೊಡಲು ಬಂದವರು, ಕಮಲಾಬೆನ್, ರೇಡಿಯೋ ಬಗಡಿ ಗಯೋ ಛೇ, ರಿಪೇರಿ ಅಂಗಡಿಗೆ ಕೊಡಿ ಎಂದು ಬುದ್ಧಿ ಹೇಳಿ ಹೋದರು. ಹೂಂ ಎಂದೆ. ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದೆ. ಈ ವಯಸ್ಸಿನಲ್ಲಿ ಗಂಡನನ್ನು ಹೀಗೆ ಕದ್ದು ಭೇಟಿಯಾಗುವ ಕಾಲ ಬಂತಲ್ಲ ಎಂದು ನಗುವೂ ಬಂತು.

ಮನಸ್ಸು ತಿರುಗಿದ್ದು ಹೋದ ಶುಕ್ರವಾರ. ನನ್ನ ಅಭ್ಯಾಸ ನಿನಗೆ ಗೊತ್ತಲ್ಲ, ಟಾರ್ಚಾಗಲಿ ರೇಡಿಯೋ ಆಗಲಿ, ಕೆಲಸ ಮುಗಿದ ಕೂಡಲೇ ಸೆಲ್ ತೆಗೆದಿಡುತ್ತೇನೆ. ಸುಮ್ಮನೆ ಯಾಕೆ ಸವೆಯಬೇಕು? ನೀವಿಬ್ಬರೂ ಅಪ್ಪನೂ ಸೇರಿಕೊಂಡು ಇದಕ್ಕಾಗಿ ನನ್ನನ್ನು ಎಷ್ಟು ಗೇಲಿ ಮಾಡಿದ್ದೀರಿ. ಆವತ್ತೂ ಟ್ರಾನ್ಸಿಸ್ಟರಿನ ಸೆಲ್ ತೆಗೆದಿಟ್ಟೆ. ಯಂತ್ರವನ್ನು ಒರೆಸಿ ಡಬ್ಬಿಗೆ ಹಾಕಿ ಬೀರುವಿನಲ್ಲಿ ಇಡಲು ಹೋದವಳು ಹಾಗೇ ನಿಂತುಬಿಟ್ಟೆ. ಇದರ ಸೆಲ್ ತೆಗೆದಿಡುವ ಹಾಗಿಲ್ಲವಲ್ಲ! ಒಣಗಿಸಿ ಇಟ್ಟರೂ ಒಳಗೊಳಗೇ ಬಡಿಯುತ್ತಲೇ ಇರುತ್ತದೆ ಎಂದು ನೀನು ಹೇಳಿದ್ದೆ. ಹಗಲೂ ರಾತ್ರಿ ಸೀರೆಗಳ ನಡುವೆ ಕೂತು ಇದು ಯಾರಿಗಾಗಿ ಬಡಿಯುತ್ತಿದೆ? ಯಾರೂ ಇಲ್ಲದ ಮನೆಯಲ್ಲಿ ನಲ್ಲಿ ತೆರೆದಿಟ್ಟು ಬಂದ ಹಾಗೆ ಅನ್ನಿಸಿತು. ಎರಡು ರೂಪಾಯಿಯ ಸೆಲ್ ಉಳಿಸುವ ಹೆಂಗಸು ಇದನ್ನು ಹೇಗೆ ಸವೆಯಲು ಬಿಟ್ಟೆ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಅವಳ ನೆನಪೂ ಆಯಿತು. ದೀಪಾವಳಿಗೆ ಬಂದಾಗ ನೀನು ಅಪ್ಪನಿಗೆ ಹೇಳುತ್ತಿದ್ದೆಯಲ್ಲ, ವಟ್ವಾದ ಬಣ್ಣದ ಕಾರ್ಖಾನೆಯಲ್ಲಿ ಕೆಲಸ ಮಾಡುವವನೊಬ್ಬನ ಹೆಂಡತಿ, ನೀರು ತರಲು ಹೋದರೆ ಕೊಡದ ಜೊತೆಗೆ ತಾನೂ ಬೀಳುತ್ತಾಳೆ, ಧರ್ಮಾಸ್ಪತ್ರೆಯಲ್ಲಿ ಯಂತ್ರಕ್ಕೆ ಹೆಸರು ಬರೆಸಿ ಕಾಯುತ್ತಿದ್ದಾಳೆ ಎಂದು. ಅವಳಿಗೆ ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳಿಗೇ ಕೊಡಿ ಎಂದೂ ನಾನು ಹೇಳುವುದಿಲ್ಲ, ಅದು ಡಾಕ್ಟರು ನೋಡಿಕೊಳ್ಳುವ ವಿಚಾರ. ಅವಳ ಹಾಗೆ ಯಾರೋ ಒಬ್ಬರು ಇದ್ದೇ ಇರುತ್ತಾರೆ, ಅಷ್ಟು ಸಾಕು.

ನಾಳೆ ಬೆಳಿಗ್ಗೆ ಅಚ್ಯುತರಾಯರು ಮಗಳ ಮನೆಗೆಂದು ಅಹಮದಾಬಾದಿಗೆ ಹೊರಡುತ್ತಾರೆ. ಈ ಕಾಗದವನ್ನೂ ಯಂತ್ರವನ್ನೂ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಡಬ್ಬಿಯಲ್ಲಿ ಏನಿದೆ ಎಂದು ಅವರಿಗೆ ಹೇಳಿದ್ದೇನೆ, ಹಲ್ಲಿನ ವಿಷಯ ಹೇಳಿಲ್ಲ. ನಿನ್ನ ಪೆಟ್ಟಿಗೆಗೆ ಹಚ್ಚಿ ನೋಡು. ಬೇರೆಯವು ಎಲ್ಲೆಲ್ಲಿಂದಲೋ ಬಂದವು, ಯಾವಾಗ ಹಾಕಿದ್ದು ಎಂದೇ ತಿಳಿಯುವುದಿಲ್ಲ, ಪೆಟ್ಟಿಗೆ ಹೇಳಿದ್ದು ನಿಜವೋ ಸುಳ್ಳೋ ಎಂದು ತಾಳೆ ನೋಡಲಾಗುವುದಿಲ್ಲ ಎಂದು ಗೊಣಗುತ್ತಿದ್ದೆ. ಇದರ ಹುಟ್ಟಿದ ದಿನ ನಿನಗೆ ಗೊತ್ತು, ಆವತ್ತು ನಿನ್ನ ತೋಳು ಚಿವುಟಿದ್ದು ನಾನೇ. ನನ್ನ ಉಪ್ಪುನೀರಿನಿಂದ ಕೆಟ್ಟಿದ್ದರೆ ನಿಮ್ಮ ಪ್ರೊಫೆಸರ್ ಮುಂದೆ ನನ್ನ ಹೆಸರು ಹೇಳಬೇಡ. ಆಯುಸ್ಸು ಉಳಿದಿದ್ದರೆ ಆಸ್ಪತ್ರೆಗೆ ಕೊಡು. ಮನೆಯವರ ಒಪ್ಪಿಗೆ ಬೇಕೆಂದಿದ್ದೆ, ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿದ್ದೇನೆ.

ಯಾರಿಗೆ ಹಾಕಿದರು ಎಂದು ನನಗೆ ತಿಳಿಸಬೇಡ. ಮೊದಲು, ಸಸ್ಯಾಹಾರಿಗಳಿಗೆ ಮಾತ್ರ ಎಂದು ಒಂದು ಷರತ್ತು ಹಾಕೋಣ ಎಂದುಕೊಂಡಿದ್ದೆ. ನಿಮ್ಮಪ್ಪ ಆಗೆಲ್ಲ ನಿನ್ನನ್ನು ಇಲ್ಲಿಯ ಕಾಲೇಜಿನಿಂದ ಕರೆತರುವ ನೆಪದಲ್ಲಿ ಫತೇಗಂಜಿನಲ್ಲಿ ಆಮ್ಲೆಟ್ ತಿಂದು ಏಲಕ್ಕಿ ಜಗಿಯುತ್ತ ಬರುತ್ತಿದ್ದುದು ನೆನಪಾಗಿ ಬಿಟ್ಟುಬಿಟ್ಟೆ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಿರಿ ಇಬ್ಬರೂ.

ಅಜಯ್‌ಗೆ ನಾನೇ ಹೇಳುತ್ತೇನೆ. ಭಾನುವಾರ ಬರುತ್ತಾನೆ, ಅವರೆಕಾಳು ಉಪ್ಪಿಟ್ಟು ಮಾಡಿ ಹೊಟ್ಟೆ ತುಂಬಿದ ಮೇಲೆ ಹೇಳುತ್ತೇನೆ. ಕೂಗಾಡುತ್ತಾನೆ, ನಿನ್ನ ಮೇಲೂ ರೇಗುತ್ತಾನೆ. ಆಮೇಲೆ ಹಲ್ಲಿನ ಸುದ್ದಿಗೆ ನಕ್ಕೇ ನಗುತ್ತಾನೆ, ಎಷ್ಟಾದರೂ ಅವರ ಮಗ.

ಇನ್ನು ನಿನ್ನ ವಿಷಯ. ಆ ಮೇಜಿನ ಮುಂದೆ ಕೂರಲಾರೆ ಎಂದೆಯಲ್ಲ, ಅದಕ್ಕೇ ಅಪ್ಪನದನ್ನೇ ಕಳಿಸುತ್ತಿದ್ದೇನೆ. ಮೊದಲು ಇದನ್ನು ಕೈಗೆತ್ತಿಕೋ, ಅತ್ತುಬಿಡು, ಆಮೇಲೆ ಉಳಿದವುಗಳಲ್ಲಿ ಅವರು ಕಾಣುವುದಿಲ್ಲ. ನನಗೆ ಹಾಗೇ ಆಯಿತು. ಪರೀಕ್ಷೆ ಮುಗಿಸಿ, ಡಿಗ್ರಿ ಕೈಯಲ್ಲಿ ಹಿಡಿದು, ಬೇಸಿಗೆ ಕಳೆದ ಮೇಲೆ ಬಾ. ನನ್ನ ಯೋಚನೆ ಮಾಡಬೇಡ. ಒಬ್ಬಳೇ ಇರುವುದು ನನಗೇನೂ ಕಷ್ಟವಾಗಿಲ್ಲ. ಇಂದುಮತಿಬೆನ್ ಸಂಜೆ ಬಂದು ಟಿ.ವಿ. ನೋಡುತ್ತಾರೆ, ಊಟ ತಿಂಡಿ ಹೊತ್ತಿಗೆ ಸರಿಯಾಗಿ ಆಗುತ್ತಿದೆ, ನಿದ್ರೆ ಚೆನ್ನಾಗಿ ಬರುತ್ತದೆ.

ಬೈಗುಳ ಮುಗಿಯಿತು, ಈಗ ಆಶೀರ್ವಾದ. ತಲೆಗೆ ಎಣ್ಣೆ ಹಚ್ಚಿಕೋ.

ನಿನ್ನ ಅಮ್ಮ,
ಕಮಲಾಕ್ಷಿ

ಮರೆತ ಮಾತು: ಅಚ್ಯುತರಾಯರು ಬಂದು ಕಾಫಿ ಕುಡಿಯುತ್ತಿದ್ದಾರೆ, ಅಷ್ಟರಲ್ಲಿ ಇದೊಂದು. ಮರೆತದ್ದೂ ಅಲ್ಲ, ನಿನ್ನೆ ಬರೆಯಲು ಮನಸ್ಸು ಬರಲಿಲ್ಲ. ಮಂಗಳವಾರ ನಾನು ಎಸ್‌ಟಿಡಿ ಬೂತಿನಿಂದ ನಿನ್ನ ಹಾಸ್ಟೆಲಿಗೆ ಫೋನ್ ಮಾಡಿದ್ದೆ. ನಿನ್ನ ರೂಮಿನ ಹೇತಲ್ ಸಿಕ್ಕಳು. ಆಂಟೀ, ಮೇದಿನಿ ತೋ ಲ್ಯಾಬ್ ಮೇ ಹೈ, ರೋಜ್ ಗೇಟು ಹಾಕುವವರೆಗೂ ಅಲ್ಲೇ ಇರುತ್ತಾಳೆ, ನಿನ್ನೆ ಅವಳ ಪೆಟ್ಟಿಗೆ ಮೊದಲ ಸಲ ಸರಿಯಾಗಿ ಓದಿತಂತೆ, ಕುಣಿದು ಎಲ್ಲರಿಗೂ ಐಸ್‌ಕ್ರೀಮ್ ಕೊಡಿಸಿದಳು ಎಂದಳು. ಹಾಗಾದರೆ ಮೇಜಿನ ಮುಂದೆ ಕೂರಲಾರೆ ಎಂದು ಬರೆದದ್ದು ನನಗೆ ಹೇಳಿದ ಸುಳ್ಳು. ನೀನು ಬಿಟ್ಟು ಬರುತ್ತಿರುವುದು ನನಗೋಸ್ಕರ. ಮೇದಿನಿ, ನೀನು ಬಂದುಬಿಟ್ಟರೆ ನನಗೆ ತುಂಬ ಸಂತೋಷವಾಗುತ್ತದೆ. ವಾಪಸು ಹೋಗು ಎಂದು ನನ್ನ ಬಾಯಲ್ಲಿ ಬರುವುದೇ ಇಲ್ಲ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ, ಬರಬೇಡ.